ಹೆಸರು ಹಿಡಿದು ಹೊರಟರೆ ಊರು ಸಿಗದು

1922ರ ಜೂನ್ 30ರಂದು ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿ ಭಾರಿ ಸ್ಫೋಟವಾಯಿತು. ಬ್ರಿಟನ್ ಜೊತೆಗಿನ ಒಪ್ಪಂದವನ್ನು ಧಿಕ್ಕರಿಸಿದವರು ಕಟ್ಟಡದೊಳಗೆ, ಒಪ್ಪಂದಕ್ಕೆ ತಲೆಬಾಗಿದ ಹೊಸ ಸರ್ಕಾರದ ಫಿರಂಗಿಗಳು ಹೊರಗೆ. ಇವರಿಬ್ಬರ ಜಗಳದಲ್ಲಿ ಬೂದಿಯಾದದ್ದು ಅಲ್ಲೇ ಇದ್ದ ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಭಂಡಾರ. ಅಂದಿನಿಂದ, ಅಮೆರಿಕದಲ್ಲಿ ಕೂತು ತಮ್ಮ ಸ್ಕಾಟ್ಸ್-ಐರಿಷ್ ಮೂಲವನ್ನು ಹುಡುಕುವವರು ಎಲ್ಲಿ ದಾರಿ ತಪ್ಪಿದರೂ ಆ ಬೆಂಕಿಯತ್ತ ಬೆರಳು ತೋರಿಸುವುದು ರೂಢಿಯಾಗಿಬಿಟ್ಟಿದೆ. ಸುಟ್ಟದ್ದು ಸಣ್ಣದಲ್ಲ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಭಂಡಾರ ಇಂದಿಗೂ ನೆಟ್ಟಗೆ ನಿಂತಿದ್ದರೂ 18ನೇ ಶತಮಾನದಲ್ಲಿ ಹಡಗು ಹತ್ತಿದ ಒಬ್ಬ ಸಾಧಾರಣ ಗೇಣಿದಾರನ ಹೆಸರು ಅದರಲ್ಲಿ ಸಿಗುವ ಸಂಭವ ಕಡಿಮೆಯೇ. ಅವನ ಕಾಗದ ಸುಡಲಿಲ್ಲ. ಬಹುಮಟ್ಟಿಗೆ ಅದನ್ನು ಯಾರೂ ಬರೆದೇ ಇರಲಿಲ್ಲ. ಈ ವ್ಯತ್ಯಾಸವನ್ನು ಮೊದಲು ಒಪ್ಪಿಕೊಂಡರೆ ಹುಡುಕಾಟದ ದಿಕ್ಕೇ ಬದಲಾಗುತ್ತದೆ.

ಈ ಜನ ಯಾರೆಂಬುದನ್ನು ಚುಟುಕಾಗಿ ಹೇಳಬಹುದು. 1607ರಲ್ಲಿ ಐರ್ಲೆಂಡಿನ ಅಲ್ಸ್ಟರ್ ಪ್ರಾಂತದ ಗೇಲಿಕ್ ಸರದಾರರು ದೇಶ ಬಿಟ್ಟು ಹೋದ ಮೇಲೆ ಅವರ ನೆಲವನ್ನು ದೊರೆ ಜೇಮ್ಸ್ ಮುಟ್ಟುಗೋಲು ಹಾಕಿಕೊಂಡು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಪ್ರೊಟೆಸ್ಟೆಂಟರಿಗೆ ಹಂಚಿದ. ಪೂರ್ವದ ಆಂಟ್ರಿಮ್, ಡೌನ್ ಕೌಂಟಿಗಳಲ್ಲಿ ಹ್ಯೂ ಮಾಂಟ್ಗೊಮರಿ ಮತ್ತು ಜೇಮ್ಸ್ ಹ್ಯಾಮಿಲ್ಟನ್ ಎಂಬಿಬ್ಬರು 1606ರಲ್ಲೇ ತಮ್ಮ ಖರ್ಚಿನಲ್ಲಿ ಸ್ಕಾಟರನ್ನು ಕರೆತಂದಿದ್ದರು. 1690ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಬರ ಬಿದ್ದಾಗ ಇನ್ನೊಂದು ದೊಡ್ಡ ಗುಂಪು ಕಡಲು ದಾಟಿತು. ಹೀಗೆ ಬಂದವರ ಮಕ್ಕಳು ಮೊಮ್ಮಕ್ಕಳು ಗೇಣಿ ಏರಿ, ಬೆಳೆ ಕೆಟ್ಟು, ಲಿನನ್ ವ್ಯಾಪಾರ ಕುಸಿದಾಗಲೆಲ್ಲ ಮತ್ತೆ ಗಂಟುಮೂಟೆ ಕಟ್ಟಿದರು. 1718ರಿಂದ 1775ರ ನಡುವೆ ಅಮೆರಿಕಕ್ಕೆ ಹೋದವರು ಒಂದು ಲಕ್ಷ ಎನ್ನುವವರಿದ್ದಾರೆ, ಎರಡೂವರೆ ಲಕ್ಷ ಎನ್ನುವವರೂ ಇದ್ದಾರೆ. ಅಂದಾಜುಗಳ ನಡುವಿನ ಈ ಕಂದರವೇ ದಾಖಲೆಗಳ ಸ್ಥಿತಿಯನ್ನು ಹೇಳುತ್ತದೆ. ಎಣಿಸಿದವರಿದ್ದರೆ ಅಂದಾಜು ಯಾಕೆ ಬೇಕಿತ್ತು?

ಎಣಿಸದೇ ಇರುವುದಕ್ಕೆ ಕಾರಣಗಳು ಪ್ರತಿ ಮಜಲಿನಲ್ಲೂ ಬೇರೆ ಬೇರೆ. ಸ್ಕಾಟ್ಲೆಂಡಿನ ಪೋರ್ಟ್‌ಪ್ಯಾಟ್ರಿಕ್ ಬಂದರಿನಿಂದ ಅಲ್ಸ್ಟರಿನ ಡೊನಾಘಡಿಗೆ ಕಡಲದಾರಿ ಮೂವತ್ತೈದು ಕಿಲೋಮೀಟರಿನಷ್ಟು. ಗಾಳಿ ಹದವಾಗಿದ್ದರೆ ಒಂದೇ ದಿನದ ಪಯಣ, ಎರಡೂ ದಡದವರು ಒಬ್ಬನೇ ದೊರೆಯ ಪ್ರಜೆಗಳು. ದಾಟಿದವರ ಪಟ್ಟಿ ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಅಲ್ಸ್ಟರಿನಲ್ಲಿ ಅವರು ಪ್ರೆಸ್ಬಿಟೇರಿಯನ್ನರು, ಆಳುವ ಚರ್ಚು ಮಾತ್ರ ಬಿಷಪ್ಪರ ಚರ್ಚ್ ಆಫ್ ಐರ್ಲೆಂಡ್. 1704ರ ಕಾನೂನು ಅವರನ್ನು ಸರ್ಕಾರಿ ಹುದ್ದೆಗಳಿಂದ ಹೊರಗಿಟ್ಟಿತು. ಅವರ ಪಾದ್ರಿ ಮಾಡಿಸಿದ ಮದುವೆಯನ್ನು ಮದುವೆಯೆಂದೇ ಒಪ್ಪದೆ ಗಂಡಹೆಂಡಿರನ್ನು ಬಿಷಪ್ಪರ ನ್ಯಾಯಾಲಯಕ್ಕೆ ಎಳೆದದ್ದೂ ಉಂಟು. ಪ್ರೆಸ್ಬಿಟೇರಿಯನ್ನರು ತಮ್ಮೊಳಗೆ ಮಾಡಿಕೊಂಡ ಮದುವೆಗೆ ಪೂರ್ಣ ಮಾನ್ಯತೆ ಸಿಕ್ಕಿದ್ದು 1782ರಲ್ಲಿ. ಮಾನ್ಯತೆಯಿಲ್ಲದ ಮದುವೆಯನ್ನು ಶಿಸ್ತಾಗಿ ದಾಖಲಿಸುವ ಹುಮ್ಮಸ್ಸು ಯಾರಿಗೆ ಇರುತ್ತದೆ? ಅವರ ಸಭೆಗಳ ದೀಕ್ಷಾಸ್ನಾನ ಪುಸ್ತಕಗಳಲ್ಲಿ ಬಹುಪಾಲು 19ನೇ ಶತಮಾನದಲ್ಲಷ್ಟೇ ಶುರುವಾಗುತ್ತವೆ. ಅಷ್ಟರಲ್ಲಿ ಅಮೆರಿಕಕ್ಕೆ ಹೋಗಬೇಕಾದವರು ಹೋಗಿ ಎರಡು ತಲೆಮಾರು ಕಳೆದಿತ್ತು.

ಸಮುದ್ರದ ಮೇಲಿನ ಮೌನ ಇನ್ನೂ ವಿಚಿತ್ರವಾದದ್ದು. 1727ರಿಂದ ಪೆನ್ಸಿಲ್ವೇನಿಯಾಕ್ಕೆ ಬಂದಿಳಿದ ಜರ್ಮನರು ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಹಾಗಾಗಿ ಅವರ ಹೆಸರು, ಸಹಿ, ಬಂದ ಹಡಗು, ದಿನ ಎಲ್ಲ ಉಳಿದಿವೆ. ಅದೇ ಫಿಲಡೆಲ್ಫಿಯಾ ಬಂದರಿನಲ್ಲಿ ಅದೇ ವಾರ ಇಳಿದ ಅಲ್ಸ್ಟರಿನವನು ಆಗಲೇ ಬ್ರಿಟಿಷ್ ಪ್ರಜೆ. ಅವನನ್ನು ಯಾರೂ ಏನೂ ಕೇಳಲಿಲ್ಲ. ಪರಕೀಯನಿಗೆ ಅನುಮಾನದ ಜೊತೆಗೆ ಒಂದು ದಾಖಲೆ ಸಿಕ್ಕಿತು, ಸ್ವಕೀಯನಿಗೆ ಎರಡೂ ಇಲ್ಲ. ಜನ ವಲಸೆ ಹೋಗುವುದು ಹೆಚ್ಚಾಯಿತೆಂದು ಗಾಬರಿಯಾದ ಬ್ರಿಟಿಷ್ ಸರ್ಕಾರ 1773ರ ಕೊನೆಯಿಂದ 1776ರವರೆಗೆ ಹೋಗುವವರ ಹೆಸರು, ವಯಸ್ಸು, ಕಸುಬು, ಹೊರಟ ಕಾರಣವನ್ನು ಬರೆಸಿತು. ಇತಿಹಾಸಕಾರ ಬರ್ನಾರ್ಡ್ ಬೇಲಿನ್ ಅದರ ಮೇಲೆ ಒಂದು ಹೆಬ್ಬೊತ್ತಿಗೆಯನ್ನೇ ಬರೆದರು. ಆದರೆ ಆ ಗಣತಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿಗೆ ಮಾತ್ರ, ಐರ್ಲೆಂಡಿನ ಬಂದರುಗಳು ಅದರ ಲೆಕ್ಕದಲ್ಲಿಲ್ಲ. ಅಮೆರಿಕ ತಾನಾಗಿ ಪ್ರಯಾಣಿಕರ ಪಟ್ಟಿ ಕೇಳತೊಡಗಿದ್ದು 1820ರಲ್ಲಿ. ಆರ್. ಜೆ. ಡಿಕ್ಸನ್ ಅಲ್ಸ್ಟರ್ ವಲಸೆಯ ಚರಿತ್ರೆ ಬರೆಯಲು ಕೂತಾಗ ಬೆಲ್‌ಫಾಸ್ಟ್ ನ್ಯೂಸ್‌ಲೆಟರ್ ಮುಂತಾದ ಪತ್ರಿಕೆಗಳಲ್ಲಿ ಬಂದ ಹಡಗುಗಳ ಜಾಹೀರಾತನ್ನು ಲೆಕ್ಕ ಹಾಕಬೇಕಾಯಿತು. ಹಡಗಿನ ಹೆಸರು ಗೊತ್ತು, ಅದರಲ್ಲಿದ್ದವರ ಹೆಸರು ಗೊತ್ತಿಲ್ಲ.

ಹಾಗಾದರೆ ಬೆಂಕಿಯಿಂದ ಏನೂ ನಷ್ಟವಾಗಲಿಲ್ಲವೇ ಎಂದು ಯಾರಾದರೂ ತಡೆದು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ನಷ್ಟವಾಯಿತು. ಉಯಿಲುಗಳ ಮೂಲಪ್ರತಿಗಳು, 1766ರ ಧಾರ್ಮಿಕ ಗಣತಿಯ ಬಹುಭಾಗ, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹಾಳೆಗಳು, ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಪ್ಯಾರಿಷ್ ಪುಸ್ತಕಗಳು ಹೋದವು. ಪ್ರೆಸ್ಬಿಟೇರಿಯನ್ನರನ್ನು ಹೂಳುತ್ತಿದ್ದದ್ದು ಎಷ್ಟೋ ಸಲ ಆ ಪ್ಯಾರಿಷ್‌ಗಳ ಮಸಣದಲ್ಲೇ ಆದ್ದರಿಂದ ಅವರ ಸಾವಿನ ಸಾಲುಗಳೂ ಅದರೊಡನೆ ಹೋಗಿರಬೇಕು. ಆದರೆ ಎಲ್ಲವನ್ನೂ ಬೆಂಕಿಯ ಲೆಕ್ಕಕ್ಕೆ ಬರೆಯುವಂತಿಲ್ಲ. 1861 ಮತ್ತು 1871ರ ಜನಗಣತಿ ಹಾಳೆಗಳನ್ನು ಸರ್ಕಾರವೇ ನಾಶ ಮಾಡಿಸಿತ್ತು, 1881 ಮತ್ತು 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ತಿರುಳಾದವು. ಗುಮಾಸ್ತರ ಕೈಯಲ್ಲಿ ಸತ್ತ ದಾಖಲೆಗೆ ಸ್ಫೋಟದ ಸದ್ದಿಲ್ಲ, ಹಾಗಾಗಿ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸುಟ್ಟ ಗಣತಿಗಳೆಲ್ಲ 1766ರವು ಅಥವಾ ಅದರ ಈಚಿನವು. 1740ರಲ್ಲಿ ಹೊರಟವನಿಗೂ ಅವಕ್ಕೂ ಸಂಬಂಧವಿಲ್ಲ. ಬೆಂಕಿ ದೊಡ್ಡ ಅನಾಹುತ. ಆದರೆ ಈ ವಲಸೆಗಾರರ ವಿಷಯದಲ್ಲಿ ಅದು ಎರಡನೆಯ ಕಾರಣ.

ಪ್ರಭುತ್ವಕ್ಕೆ ಈ ಜನರ ಹುಟ್ಟುಸಾವುಗಳಲ್ಲಿ ಆಸಕ್ತಿಯಿರಲಿಲ್ಲ ಎಂದ ಮಾತ್ರಕ್ಕೆ ಅವರಿಂದ ಏನೂ ಬೇಕಿರಲಿಲ್ಲ ಎಂದಲ್ಲ. ಹಣ ಬೇಕಿತ್ತು, ಆಳು ಬೇಕಿತ್ತು, ಲಿನನ್ನಿಗೆ ನಾರಗಸೆ ಬೇಕಿತ್ತು, ಕೆಲವೊಮ್ಮೆ ಅವರ ತಲೆಯೇ ಬೇಕಿತ್ತು. ಬಡವನ ಹೆಸರು ಕಾಗದಕ್ಕೆ ಏರುವುದು ಯಾರಿಗೋ ಅವನಿಂದ ಏನೋ ಬೇಕಾದಾಗ. ಈ ಜನರ ದಾಖಲೆಗಳನ್ನು ಹುಡುಕಬೇಕಾದ್ದು ಅಲ್ಲೇ. 1630ರ ಸುಮಾರಿನ ಆಯುಧಪಟ್ಟಿಯಲ್ಲಿ ಯಾವ ಜಮೀನುದಾರನ ಕೆಳಗೆ ಯಾರ ಕೈಯಲ್ಲಿ ಕತ್ತಿ, ಯಾರ ಕೈಯಲ್ಲಿ ಭರ್ಜಿ, ಯಾರ ಕೈ ಬರಿದು ಎಂದು ಬರೆದಿದೆ. 1660ರ ದಶಕದಲ್ಲಿ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲ್ಲಿಂಗ್ ತೆರಿಗೆ ಬಿತ್ತು. ಆ ಒಲೆತೆರಿಗೆಯ ಮೂಲಪಟ್ಟಿಗಳು 1922ರಲ್ಲಿ ಸುಟ್ಟರೂ ಅಲ್ಸ್ಟರಿನ ಹಲವು ಕೌಂಟಿಗಳ ನಕಲುಗಳು ಅದಕ್ಕೆ ಮೊದಲೇ ಬೇರೆ ಕೈ ಸೇರಿದ್ದರಿಂದ ಉಳಿದುಕೊಂಡಿವೆ. ಸ್ಕಾಟ್ಲೆಂಡಿನ ವಿಗ್‌ಟೌನ್‌ಶೈರಿನಲ್ಲಿ 1684ರಲ್ಲಿ ಹನ್ನೆರಡು ದಾಟಿದವರೆಲ್ಲರ ಹೆಸರನ್ನು ಪ್ಯಾರಿಷ್‌ವಾರು ಬರೆಸಿದರು. ದೊರೆಯ ಚರ್ಚಿಗೆ ಮಣಿಯದ ಕವೆನಂಟರರನ್ನು ಹೆಕ್ಕಿ ತೆಗೆಯುವುದು ಅದರ ಉದ್ದೇಶ. ಬೇಟೆಗೆಂದು ಮಾಡಿದ ಪಟ್ಟಿ ಇಂದು ಬೇಟೆಗೆ ಸಿಕ್ಕವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ನಿಧಿ. 1796ರಲ್ಲಿ ಲಿನನ್ ಮಂಡಳಿ ನಾರಗಸೆ ಬಿತ್ತುವವರಿಗೆ ಬಹುಮಾನ ಘೋಷಿಸಿತು: ಒಂದು ಎಕರೆಗೆ ನಾಲ್ಕು ನೂಲುರಾಟೆ, ಐದು ಎಕರೆಗೆ ಒಂದು ಮಗ್ಗ. ರಾಟೆ ಪಡೆದ ಸುಮಾರು 60,000 ರೈತರ ಹೆಸರು ಪ್ಯಾರಿಷ್ ಸಹಿತ ಅಚ್ಚಾಯಿತು. ದೊರೆಯ ಚರಿತ್ರೆಯಲ್ಲಿ ಒಂದಕ್ಷರಕ್ಕೂ ಸಿಗದ ಮನೆತನವೊಂದು ರಾಟೆಯ ದೆಸೆಯಿಂದ ಸಿಗುತ್ತದೆ.

ಇವೆಲ್ಲಕ್ಕಿಂತ ಬೆಲೆಬಾಳುವುದು ಗೇಣಿಪತ್ರ. ಅಲ್ಸ್ಟರಿನ ಪ್ರೊಟೆಸ್ಟೆಂಟ್ ಗೇಣಿದಾರರಿಗೆ ಸಾಮಾನ್ಯವಾಗಿ ಕೊಡುತ್ತಿದ್ದದ್ದು ‘ಮೂರು ಜೀವದ’ ಗೇಣಿ. ವರ್ಷಗಳ ಲೆಕ್ಕವಿಲ್ಲ, ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಒಬ್ಬ ಬದುಕಿರುವ ತನಕ ಭೂಮಿ ಕೈಯಲ್ಲಿರುತ್ತದೆ. ಬುದ್ಧಿವಂತ ರೈತ ಯಾರ ಹೆಸರು ಕೊಡುತ್ತಾನೆ? ಆಯುಸ್ಸು ಗಟ್ಟಿಯೆನಿಸಿದ ತನ್ನ ಎಳೆಯ ಮಕ್ಕಳದ್ದು, ವಯಸ್ಸಿನ ಸಮೇತ. ರಾಜಮನೆತನದ ಮಕ್ಕಳ ಹೆಸರು ಕೊಟ್ಟು ಜಾಣತನ ಮೆರೆದವರೂ ಇದ್ದರು, ಅವರ ವಂಶಸ್ಥರಿಗೆ ಈಗ ಅದರಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ಪತ್ರದ ಮೂವರಲ್ಲಿ ಯಾರು ಸತ್ತರು, ಯಾರು ಅಮೆರಿಕಕ್ಕೆ ಹೋದರು ಎಂದು ತಿಳಿದಿರುವುದು ಜಮೀನುದಾರನ ಗುಮಾಸ್ತನಿಗೆ ಅನಿವಾರ್ಯವಾಗಿತ್ತು. ಅಬರ್‌ಕಾರ್ನ್ ಜಮೀನುದಾರಿಯ ಕಾಗದಪತ್ರಗಳಲ್ಲಿ ಗೇಣಿದಾರರು ಅಮೆರಿಕಕ್ಕೆ ಹೊರಟ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಈ ಕಾಗದಗಳು ಜಮೀನುದಾರರ ಮನೆಗಳಲ್ಲಿದ್ದವು, ಡಬ್ಲಿನ್ನಿನ ಭಂಡಾರದಲ್ಲಲ್ಲ. ಅಂಥ ಹಲವು ಈಗ ಬೆಲ್‌ಫಾಸ್ಟಿನಲ್ಲಿರುವ ಉತ್ತರ ಐರ್ಲೆಂಡಿನ ದಾಖಲೆ ಕಚೇರಿಯಲ್ಲಿವೆ. 1708ರಲ್ಲಿ ಶುರುವಾದ ಡಬ್ಲಿನ್ನಿನ ಭೂಪತ್ರ ನೋಂದಣಿ ಕಚೇರಿಯೂ ಫೋರ್ ಕೋರ್ಟ್ಸ್‌ನಲ್ಲಿ ಇರಲಿಲ್ಲ, ಅದಕ್ಕೆ ಬೆಂಕಿಯ ಬಿಸಿಯೂ ತಾಗಲಿಲ್ಲ.

ಆದರೆ ಈ ಪಟ್ಟಿಗಳಿಗೆಲ್ಲ ಒಂದು ಷರತ್ತಿದೆ: ಊರು ಗೊತ್ತಿರಬೇಕು. ಐರ್ಲೆಂಡಿನಲ್ಲಿ ನೆಲದ ಅತಿ ಸಣ್ಣ ಘಟಕಕ್ಕೆ ಟೌನ್‌ಲ್ಯಾಂಡ್ ಎನ್ನುತ್ತಾರೆ, ಅಂಥವು 60 ಸಾವಿರಕ್ಕೂ ಹೆಚ್ಚು. ಆ ಹೆಸರಿಲ್ಲದೆ ಬರಿಯ ಮನೆತನದ ಹೆಸರು ಹಿಡಿದು ಹೋಗುವವನು ಜಾತ್ರೆಯಲ್ಲಿ ‘ಗೌಡರೇ’ ಎಂದು ಕೂಗಿದಂತೆ. ಹೆಸರಿಗೆ ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ಈ ಹುಡುಕಾಟದ ಹಳೆಯ ರೋಗ. ಹೆಸರು ಮ್ಯಾಕ್‌ನಿಂದ ಶುರುವಾದರೆ ಸಾಕು, ಸ್ಕಾಟ್ಲೆಂಡಿನ ಬೆಟ್ಟದ ಕುಲ, ಅದರ ಚೌಕುಳಿ ಬಟ್ಟೆ, ಅದರ ಲಾಂಛನ ಎಲ್ಲವೂ ಅಂಗಡಿಯಲ್ಲಿ ತಯಾರು. ಅಲ್ಸ್ಟರಿಗೆ ಬಂದವರಲ್ಲಿ ಹೆಚ್ಚಿನವರು ಬೆಟ್ಟದವರೇ ಅಲ್ಲ, ತಗ್ಗುಸೀಮೆಯ ಉಳುವವರು. ಕ್ಯಾವನ್ ಸೀಮೆಯ ಎಷ್ಟೋ ಸ್ಮಿತ್‌ಗಳು ಮೂಲದಲ್ಲಿ ಮ್ಯಾಕ್‌ಗೋವನ್ ಎಂಬ ಗೇಲಿಕ್ ಐರಿಷ್ ಮನೆಯವರು. ಆ ಹೆಸರಿನ ಅರ್ಥ ‘ಕಮ್ಮಾರನ ಮಗ’, ಅದನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡರು ಅಷ್ಟೆ. ಫರ್ಮಾನಾ ಕೌಂಟಿಯ ಆರ್ಮ್‌ಸ್ಟ್ರಾಂಗ್‌ಗಳ ಮೂಲವಾದ ಗಡಿಸೀಮೆಯಲ್ಲಿ ಅದೇ ಹೆಸರು ಇಂಗ್ಲೆಂಡಿನ ಕಡೆಯೂ ಇತ್ತು, ಸ್ಕಾಟ್ಲೆಂಡಿನ ಕಡೆಯೂ ಇತ್ತು. 1790ರ ಅಮೆರಿಕನ್ ಜನಗಣತಿಯ ಹೆಸರುಗಳನ್ನು ಇಟ್ಟುಕೊಂಡು ಯಾರೆಷ್ಟು ಎಂದು ಲೆಕ್ಕ ಹಾಕಿದ ವಿದ್ವಾಂಸರ ವರದಿ 1932ರಲ್ಲಿ ಬಂತು. ಐವತ್ತು ವರ್ಷದಲ್ಲಿ ಇನ್ನಿಬ್ಬರು ವಿದ್ವಾಂಸರು ಅದೇ ಹೆಸರುಗಳಿಂದ ಬೇರೆಯೇ ಲೆಕ್ಕ ತೆಗೆದು ತೋರಿಸಿದರು. ಇಡೀ ದೇಶದ ಸರಾಸರಿಯಲ್ಲೇ ಇಷ್ಟು ಹೊಯ್ದಾಡುವ ಸಾಕ್ಷಿಯನ್ನು ಒಂದು ಮನೆಯ ಮಟ್ಟಿಗೆ ನಂಬುವುದು ಹೇಗೆ?

ಹೆಸರಿಗೂ ಊರಿಗೂ ಇರುವ ತೂಕದ ವ್ಯತ್ಯಾಸವನ್ನು ಒಂದು ಮನೆತನದಲ್ಲಿ ಚೆನ್ನಾಗಿ ಕಾಣಬಹುದು. ಅಮೆರಿಕದ ಹನ್ನೊಂದನೆಯ ಅಧ್ಯಕ್ಷ ಜೇಮ್ಸ್ ನಾಕ್ಸ್ ಪೋಲ್ಕ್ ಅವರ ಪೂರ್ವಜ ರಾಬರ್ಟ್ ಎಂಬವನು 17ನೇ ಶತಮಾನದ ಕೊನೆಯ ಭಾಗದಲ್ಲಿ ಮೇರಿಲ್ಯಾಂಡಿನ ಪೂರ್ವ ದಂಡೆಯ ಸಾಮರ್‌ಸೆಟ್ ಕೌಂಟಿಗೆ ಬಂದು ನೆಲೆಸಿದ. ಮನೆತನದ ಕಥೆ ಅವನನ್ನು ‘ರಾಬರ್ಟ್ ಬ್ರೂಸ್ ಪೋಲ್ಕ್’ ಎನ್ನುತ್ತದೆ. 1912ರಲ್ಲಿ ಅಚ್ಚಾದ ವಂಶವೃಕ್ಷ ಸ್ಕಾಟ್ಲೆಂಡಿನ ಪೊಲಾಕ್ ಸರದಾರರ ತನಕ, ಮಧ್ಯಯುಗದ ತನಕ ಏರಿಹೋಗುತ್ತದೆ. ಪೊಲಾಕ್ ಎಂಬುದು ಬಾಯಲ್ಲಿ ಸವೆದು ಪೋಕ್ ಆಗಿ, ಬರಹದಲ್ಲಿ ಪೋಲ್ಕ್ ಆಯಿತು ಎಂಬುದೇನೋ ನಂಬುವಂಥದ್ದು. ಆದರೆ ಆ ಕಾಲದ ಸಾಧಾರಣ ಜನರಲ್ಲಿ ಎರಡೆರಡು ಹೆಸರಿಡುವ ರೂಢಿಯೇ ಇರಲಿಲ್ಲ. ನಡುವಿನ ‘ಬ್ರೂಸ್’ ಮುಂದಿನವರು ಅದೇ ಹೆಸರಿನ ಸ್ಕಾಟಿಷ್ ವೀರನೊಬ್ಬನಿಂದ ಎರವಲು ತಂದು ತೊಡಿಸಿದ ಆಭರಣದಂತೆ ಕಾಣುತ್ತದೆ. ಈ ವೈಭವದ ಪಕ್ಕದಲ್ಲಿ ಒಂದು ಬಡಪಾಯಿ ಸಾಕ್ಷಿ ಇದೆ. ರಾಬರ್ಟನ ವಿಧವೆ ಮ್ಯಾಗ್ಡಲೆನ್ 1726ರಲ್ಲಿ ಉಯಿಲು ಬರೆಸಿ, ಐರ್ಲೆಂಡಿನಲ್ಲಿ ತನಗಿದ್ದ ಮೊನೀನ್ ಎಂಬ ಜಮೀನನ್ನು ಕಿರಿಯ ಮಗ ಜೋಸೆಫನಿಗೆ ಕೊಟ್ಟಳು. ಡೊನೆಗಾಲ್ ಕೌಂಟಿ, ರಫೋ ಹೋಬಳಿ, ಲಿಫರ್ಡ್ ಪ್ಯಾರಿಷ್ ಎಂದು ವಿಳಾಸವನ್ನು ಕಡ್ಡಿ ಮುರಿದಂತೆ ಹೇಳಿದಳು. ವಂಶವನ್ನು ಕಾಪಾಡಬೇಕೆಂಬ ಇರಾದೆ ಆ ತಾಯಿಗೆ ಇರಲಿಲ್ಲ, ಆಸ್ತಿ ಕೈತಪ್ಪಬಾರದೆಂಬ ಎಚ್ಚರವಿತ್ತು. ಆ ಎಚ್ಚರದಿಂದಲೇ ಮನೆತನದ ಊರು ಉಳಿಯಿತು. ಮನೆತನ ಎಂಬ ನಮ್ಮ ಮಾತಿನೊಳಗೇ ಮನೆ ಇದೆಯಲ್ಲ, ಮ್ಯಾಗ್ಡಲೆನ್ ಕಾಪಾಡಿದ್ದು ಅದನ್ನು.

ಊರು ಸಿಕ್ಕಿದೊಡನೆ ಅಕ್ಕಪಕ್ಕದವರೂ ಸಾಕ್ಷಿ ಹೇಳತೊಡಗುತ್ತಾರೆ. ಲಿಫರ್ಡ್, ರಫೋ ಸೇರಿದ ಪೂರ್ವ ಡೊನೆಗಾಲಿಗೆ ಲಗ್ಗನ್ ಸೀಮೆ ಎಂದು ಹೆಸರು. 1680ರಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಪಾದ್ರಿಗಳ ಸಭೆಯ ನಡಾವಳಿ ಪುಸ್ತಕದಲ್ಲಿ ಮೇರಿಲ್ಯಾಂಡಿನ ಕರ್ನಲ್ ಸ್ಟೀವನ್ಸ್ ಒಬ್ಬ ಪಾದ್ರಿಯನ್ನು ಕಳಿಸಿಕೊಡಿ ಎಂದು ಬೇಡಿದ ಉಲ್ಲೇಖವಿದೆ. ಸ್ಟೀವನ್ಸ್ ಸಾಮರ್‌ಸೆಟ್ ಕೌಂಟಿಯವನು. ಆ ಕರೆಯ ಮೇರೆಗೆ 1683ರಲ್ಲಿ ಹೊರಟುಬಂದ ಫ್ರಾನ್ಸಿಸ್ ಮಕೆಮಿ ಡೊನೆಗಾಲಿನ ರಾಮೆಲ್ಟನ್‌ನವನು. 1706ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಮೊದಲ ಪ್ರೆಸ್ಬಿಟರಿ, ಅಂದರೆ ಅಂಥದೇ ಪಾದ್ರಿಗಳ ಸಭೆ, ಕಟ್ಟಿದವನೂ ಅವನೇ. ಒಂದು ಸೀಮೆಗೂ ಒಂದು ಕೌಂಟಿಗೂ ನಡುವೆ ಹೀಗೆ ಹಾದಿ ಬಿದ್ದಿತ್ತು. ಪೋಲ್ಕ್ ಮನೆಯವರು ನಡೆದದ್ದು ಆ ಹಾದಿಯಲ್ಲಿ ಎಂದು ಉಯಿಲೂ ನಡಾವಳಿಯೂ ಕೂಡಿ ಹೇಳುತ್ತವೆ, ಲಾಂಛನ ಹೇಳುವುದಿಲ್ಲ. ಈ ಜನ ಒಂಟಿಯಾಗಿ ಹೋದದ್ದು ಕಡಿಮೆ. 1718ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರಿಗೆ 300ಕ್ಕೂ ಹೆಚ್ಚು ಜನ ಸಹಿ ಹಾಕಿ ಕಳಿಸಿದ ಅರ್ಜಿಯಲ್ಲಿ ಹೆಸರುಗಳಿವೆ, ಊರುಗಳಿಲ್ಲ. ಆದರೆ ಅಘಾಡೋವಿಯ ಪಾದ್ರಿ ಜೇಮ್ಸ್ ಮೆಕ್‌ಗ್ರೆಗರ್ ಜೊತೆ ಹೋಗಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಲಂಡನ್‌ಡೆರಿ ಎಂಬ ಊರು ಕಟ್ಟಿದವರನ್ನು ಬಾನ್ ನದಿಯ ಕಣಿವೆಯಲ್ಲಿ ಹುಡುಕಬಹುದು. ಪಾದ್ರಿ ಗೊತ್ತಾದರೆ ಸಭೆ ಗೊತ್ತಾಗುತ್ತದೆ, ಸಭೆ ಗೊತ್ತಾದರೆ ಸೀಮೆ ಗೊತ್ತಾಗುತ್ತದೆ.

ನೆರೆಹೊರೆ ಎಂದರೆ ನೆತ್ತರಲ್ಲ, ಒಂದೇ ಸಭೆಯಲ್ಲಿ ಐದು ಜನ ಜಾನ್ ಮೆಕ್‌ಡೊವೆಲ್‌ಗಳಿದ್ದರೆ ಏನು ಮಾಡುತ್ತೀರಿ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಅದರಲ್ಲಿ ಹುರುಳಿದೆ. ಸಾಕ್ಷಿಗಳಾಗಿ ಸಹಿ ಹಾಕಿದವರ, ಜಮೀನಿನ ಗಡಿ ಹಂಚಿಕೊಂಡವರ, ಸಾಲಕ್ಕೆ ಜಾಮೀನು ನಿಂತವರ ಹೆಸರುಗಳನ್ನು ಕೂಡಿಸಿ ನೋಡುವ ಈ ದಾರಿ ಸಂಭಾವ್ಯತೆಯನ್ನು ಕೊಡುತ್ತದೆ, ಖಚಿತತೆಯನ್ನಲ್ಲ. ವರ್ಜೀನಿಯಾದ ಆರೆಂಜ್ ಕೌಂಟಿ ನ್ಯಾಯಾಲಯದಲ್ಲಿ 1740ರಲ್ಲಿ ಅನೇಕರು ‘ಐರ್ಲೆಂಡಿನಿಂದ ಫಿಲಡೆಲ್ಫಿಯಾ ಮೂಲಕ ಸ್ವಂತ ಖರ್ಚಿನಲ್ಲಿ ಹೆಂಡತಿ ಮಕ್ಕಳೊಡನೆ ಬಂದೆ’ ಎಂದು ಪ್ರಮಾಣ ಮಾಡಿದರು. ತಲೆಗೆ ಐವತ್ತು ಎಕರೆಯ ಹಕ್ಕು ಅದರಿಂದ ಸಿಗುತ್ತಿತ್ತು. ಮಕ್ಕಳ ಹೆಸರೆಲ್ಲ ಇರುವ ಅಂಥ ಪ್ರಮಾಣದಲ್ಲೂ ಐರ್ಲೆಂಡಿನ ಯಾವ ಊರು ಎಂಬ ಮಾತಿಲ್ಲ, ಎಕರೆಗೂ ಊರಿಗೂ ಸಂಬಂಧವಿಲ್ಲದ್ದರಿಂದ ಗುಮಾಸ್ತ ಕೇಳಲಿಲ್ಲ. ಆದರೂ ಅದೇ ದಿನ ಕಟಕಟೆಯಲ್ಲಿ ಹಿಂದೆಮುಂದೆ ನಿಂತವರು ಯಾರು ಎಂಬುದು ಅಲ್ಲಿದೆ. ಅವರಲ್ಲಿ ಒಬ್ಬನ ಊರು ಗೊತ್ತಾದರೂ ಉಳಿದವರಿಗೆ ಹುಡುಕಾಟದ ಜಾಗ ಸಿಗುತ್ತದೆ. ಸಂಭಾವ್ಯವನ್ನು ಸಂಭಾವ್ಯ ಎಂದೇ ಬರೆಯುವ ಪ್ರಾಮಾಣಿಕತೆ ಇದ್ದರೆ ಈ ದಾರಿಯಲ್ಲಿ ಅಪಾಯವಿಲ್ಲ. ಅಪಾಯವಿರುವುದು ವಂಶವೃಕ್ಷದ ಕೊಂಬೆಗೆ ಅಂಟಿಸಿದ ‘ಬ್ರೂಸ್’ನಲ್ಲಿ.

ಈಗ ಡಿಎನ್ಎ ಪರೀಕ್ಷೆ ಬಂದಿರುವಾಗ ಕಾಗದದ ಹಂಗೇಕೆ ಎಂಬುದು ಹೊಸ ಕಾಲದ ಆಕ್ಷೇಪ. ಇಬ್ಬರು ಬದುಕಿರುವವರ ನಡುವೆ ಸಂಬಂಧವಿದೆಯೇ ಎಂಬುದಕ್ಕೆ ಅದು ಕೊಡುವ ಉತ್ತರ ದೊಡ್ಡದು. ಗಂಡುಸಂತತಿಯಲ್ಲಿ ಸಾಗುವ ವೈ ವರ್ಣತಂತುವಿನಿಂದ, ಒಂದೇ ಹೆಸರಿನ ಎರಡು ಮನೆಗಳು ಒಂದೇ ಮೂಲದವೋ ಅಲ್ಲವೋ ಎಂಬುದು ತಿಳಿಯುತ್ತದೆ; ಹೆಸರನ್ನೇ ನಂಬಿ ಕಟ್ಟಿದ ವಂಶವೃಕ್ಷ ಅಲ್ಲಿ ಮುರಿದುಬೀಳಬಹುದು. ಆದರೆ ಸ್ಕಾಟ್ಲೆಂಡಿನ ತಗ್ಗುಸೀಮೆ, ಇಂಗ್ಲೆಂಡಿನ ಉತ್ತರ, ಅಲ್ಸ್ಟರ್ ಈ ಮೂರರ ಜನ ಶತಮಾನಗಳಿಂದ ಬೆರೆತವರು. ನಿಮ್ಮಲ್ಲಿ ಇಂತಿಷ್ಟು ಪಾಲು ಸ್ಕಾಟಿಷ್ ಎನ್ನುವ ಅಂಕಿಯಿಂದ ಯಾವ ಟೌನ್‌ಲ್ಯಾಂಡೂ ಸಿಗದು. ಪರೀಕ್ಷೆಯಲ್ಲಿ ಹೊಂದಿಕೆಯಾದ ದೂರದ ದಾಯಾದಿ ಡೊನೆಗಾಲಿನಲ್ಲೇ ಉಳಿದವನಾಗಿದ್ದು, ಅವನ ಬಳಿ ಒಂದು ಹಳೆಯ ಗೇಣಿಪತ್ರವಿದ್ದರೆ ಆಗ ಮಾತು ಬೇರೆ.

ದಾಖಲೆಯಲ್ಲಿ ಸಿಗುವ ಊರಿಗಿಂತ ಕಥೆಯಲ್ಲಿ ಸಿಗುವ ಕುಲ ಈ ಜನರ ವಂಶಜರಿಗೆ ಹೆಚ್ಚು ಬೇಕಾಗಿದ್ದಕ್ಕೂ ಒಂದು ಕಾರಣವಿದೆ. ವಲಸೆ ಬಂದ ಪೂರ್ವಜರು ತಮ್ಮನ್ನು ಸ್ಕಾಟ್ಸ್-ಐರಿಷ್ ಎಂದು ಕರೆದುಕೊಂಡದ್ದು ಅಪರೂಪ. 1840ರ ದಶಕದ ಆಲೂಗಡ್ಡೆ ಬರದ ತರುವಾಯ ಬಡ ಕ್ಯಾಥೊಲಿಕ್ ಐರಿಷರು ಹಡಗು ಹಡಗಾಗಿ ಬಂದಿಳಿದಾಗ, ನಾವು ಅವರಲ್ಲ ಎಂದು ಹೇಳಿಕೊಳ್ಳಲು ಆ ಹೆಸರು ಒದಗಿತು. ಆ ಸಮುದಾಯದ ಸಂಘವೊಂದು ಟೆನೆಸಿಯ ಕೊಲಂಬಿಯಾದಲ್ಲಿ ಹುಟ್ಟಿದ್ದು 1889ರಲ್ಲಿ. ಆ ಕಾಲದಲ್ಲಿ ಅಚ್ಚಾದ ವಂಶಾವಳಿಗಳನ್ನು ಈ ಅನುಮಾನ ಇಟ್ಟುಕೊಂಡೇ ಓದಬೇಕು. ಅವು ಪೂರ್ವಜರ ಬಗ್ಗೆ ಹೇಳುವುದಕ್ಕಿಂತ ಬರೆದವರ ಬಗ್ಗೆ ಹೆಚ್ಚು ಹೇಳುತ್ತವೆ.

ಬರೆದಿಡದ ಊರಿನ ತೊಡಕು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ತಂದೆತಾಯಿ 1765ರಲ್ಲಿ ಕ್ಯಾರಿಕ್‌ಫರ್ಗಸ್‌ನಿಂದ ಇಬ್ಬರು ಗಂಡುಮಕ್ಕಳೊಡನೆ ಬಂದು, ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ಗಡಿಯ ವ್ಯಾಕ್ಸ್‌ಹಾ ಸೀಮೆಯಲ್ಲಿ ನೆಂಟರ ಮಗ್ಗುಲಲ್ಲಿ ನೆಲೆಸಿದರು. 1767ರ ಮಾರ್ಚ್ 15ರಂದು ಜಾಕ್ಸನ್ ಹುಟ್ಟುವ ಕೆಲವೇ ವಾರ ಮೊದಲು ತಂದೆ ತೀರಿಕೊಂಡರು. ತುಂಬು ಬಸುರಿ ತಾಯಿಗೆ ಹೆರಿಗೆಯಾದದ್ದು ಯಾವ ಸೋದರಿಯ ಮನೆಯಲ್ಲಿ? ಒಬ್ಬಳ ಮನೆ ಗಡಿಯ ಉತ್ತರಕ್ಕೆ, ಇನ್ನೊಬ್ಬಳದು ದಕ್ಷಿಣಕ್ಕೆ. ಹುಟ್ಟನ್ನು ಯಾರೂ ಬರೆದಿಡಲಿಲ್ಲ. ಜಾಕ್ಸನ್ ತಾವು ದಕ್ಷಿಣ ಕೆರೊಲಿನಾದವರೆಂದೇ ಹೇಳಿಕೊಳ್ಳುತ್ತಿದ್ದರು, ಉತ್ತರದವರು ನೆರೆಹೊರೆಯವರ ಹೇಳಿಕೆಗಳನ್ನು ಕಲೆಹಾಕಿ ಎದುರು ವಾದ ಹೂಡಿದರು. ಅವರ ಹುಟ್ಟೂರಿನ ಸ್ಮಾರಕ ಇಂದಿಗೂ ಎರಡೂ ರಾಜ್ಯಗಳಲ್ಲಿದೆ.